ಸಗರನಾಡಿನ ತಂಗಡಿ

ಸಸ್ಯಗಳನ್ನು ಕುರಿತ ದೊಡ್ಡ ಗ್ರಂಥಗಳನ್ನು ಬಿಡಿಸಿ ನೋಡಿದ ಓದುಗನಿಗೆ, ನಮ್ಮ ದೇಶದ ಗಿಡಮರಗಳು ಒಂದು ಕಾಲಕ್ಕೆ ಸರಕಾರಗಳ ಎಲ್ಲೆಕಟ್ಟನ್ನು ಅನುಸರಿಸಿಯೇ ಬೆಳೆಯುತ್ತಿದ್ದುವೋ ಏನೋ ಎಂಬ ಸಂಶಯ ಬಂದರೆ ಆಶ್ಚರ್ಯವಿಲ್ಲ. ಥಿಯೊಡೋರ್ ಕುಕ್ 1901ರಿಂದ 1908ರ ವರೆಗೆ ಹೊರತಂದ ಮುಂಬಯಿ ಪ್ರಾಂತದ ಸಸ್ಯಸಂಪುಟಗಳು ಬಿಜಾಪುರದ ಗಡಿಗೆ ಬಂದು ನಿಲ್ಲುತ್ತವೆ. ಗ್ಯಾಂಬಲ್ 1915ರಲ್ಲಿ ಆರಂಭಿಸಿ, ಅವನು ತೀರಿಕೊಂಡ ತರುವಾಯ ಫಿಷರ್ 1936ರಲ್ಲಿ ಮುಗಿಸಿದ ಮದರಾಸು ಪ್ರಾಂತದ ಸಂಪುಟಗಳು ಬಳ್ಳಾರಿ ಕರ್ನೂಲುಗಳ ಆಚೆಗೆ ಹೆಜ್ಜೆಯಿಡುವುದಿಲ್ಲ. ಈ ಎರಡು ಮಹಾಗ್ರಂಥಗಳ ನಡುವೆ ಬರೆಯದೆ ಉಳಿದ ಹಾಳೆಯೇ ನಿಜಾಮರ ಸಂಸ್ಥಾನವಾಗಿತ್ತು. ಆ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯ ದಕ್ಷಿಣದಂಚಿನಲ್ಲಿ, ಭೀಮಾ ಕೃಷ್ಣಾ ನದಿಗಳು ಕೂಡುವುದಕ್ಕೆ ಮುನ್ನ ತಮ್ಮ ನಡುವೆ ಬಿಟ್ಟುಕೊಂಡ ನೆಲದಲ್ಲಿ ಶಹಾಪುರ ಸುರಪುರಗಳೂ, ಭೀಮೆಯ ಆಚೆ ದಡದಲ್ಲಿ ಯಾದಗಿರಿಯೂ ಇವೆ. ಜನ ಸಗರನಾಡೆಂದು ಕರೆಯುವ ಈ ಸೀಮೆಯ ಎರೆಹೊಲಗಳ ಬದುಗಳನ್ನೂ, ಹೆಬ್ಬಂಡೆಗಳ ಬೆಟ್ಟಗಳ ಬುಡವನ್ನೂ, ಮಸಾರಿಯ ಮರಡಿಗಳನ್ನೂ ಶತಮಾನಗಳಿಂದ ತನ್ನದೆಂದು ಹಿಡಿದುಕೊಂಡು ನಿಂತ ಒಂದು ಪೊದೆಯ ವಿಷಯವಾಗಿ ನಾನು ಇಲ್ಲಿ ಬರೆಯಹೊರಟಿದ್ದೇನೆ. ಅದರ ಹೆಸರು ತಂಗಡಿ.

ದಕ್ಷಿಣದ ಜಿಲ್ಲೆಗಳವರು ಇದನ್ನು ಆವರಿಕೆಯೆಂದೂ ಹೊನ್ನಾವರಿಕೆಯೆಂದೂ ಕರೆಯುತ್ತಾರೆ. ತೆಲುಗರಿಗೆ ಇದು ತಂಗೇಡು, ಮರಾಠಿಗರಿಗೆ ತರವಡ, ಸಿಂಹಳದವರಿಗೆ ರಣವರ. ಆಳೆತ್ತರದ ಪೊದೆ, ಕಂದು ಬಣ್ಣದ ನಯವಾದ ತೊಗಟೆ, ಕಡ್ಡಿಯ ಎರಡು ಪಕ್ಕಗಳಲ್ಲಿ ಎಂಟರಿಂದ ಹನ್ನೆರಡು ಜೊತೆ ಕಿರುಎಲೆಗಳನ್ನು ಹೊತ್ತ ಸಂಯುಕ್ತ ಪತ್ರ. ಬೇರೆ ಗಿಡಗಳಿಂದ ಇದನ್ನು ಪ್ರತ್ಯೇಕಿಸಬೇಕಾದರೆ ಹೂವನ್ನು ಕಾಯುತ್ತ ಕೂಡಬೇಕಾಗಿಲ್ಲ. ಎಲೆಯು ಕಾಂಡಕ್ಕೆ ಅಂಟಿದ ಬುಡವನ್ನು ನೋಡಿದರೆ, ಅಲ್ಲಿ ಎರಡು ಕಡೆಗೂ ಒಂದೊಂದು ಹಸುರು ಕಿವಿ ಅಗಲವಾಗಿ ಚಾಚಿಕೊಂಡಿರುತ್ತದೆ. ಸಾಮಾನ್ಯ ಗಿಡಗಳಲ್ಲಿ ಕೂದಲೆಳೆಯಷ್ಟೇ ಇದ್ದು ಬೇಗನೆ ಉದುರಿಹೋಗುವ ಈ ಅಂಗ ತಂಗಡಿಯಲ್ಲಿ ಎಲೆಯಂತೆಯೇ ಬಲಿತು ನಿಲ್ಲುತ್ತದೆ. ಕಿರುಎಲೆಗಳ ಪ್ರತಿಯೊಂದು ಜೊತೆಯ ನಡುವೆಯೂ ಕಡ್ಡಿಯ ಮೇಲೆ ಒಂದು ನೆಟ್ಟನೆಯ ಸಣ್ಣ ಗ್ರಂಥಿಯುಂಟು. ಮಳೆ ಹಿಂದೆಗೆದು ದಸರೆ ಸಮೀಪಿಸುವಾಗ ಕೊಂಬೆಗಳ ತುದಿಯಲ್ಲಿ ಐದೈದು ದಳಗಳ ಹಳದಿ ಹೂವುಗಳು ದಟ್ಟವಾಗಿ ತೆರೆದುಕೊಳ್ಳುತ್ತವೆ. ಅನಂತರ ಕಾಗದದಷ್ಟು ತೆಳುವಾದ, ಬೆರಳುದ್ದದ ಚಪ್ಪಟೆ ಕಾಯಿಗಳು ತೂಗಿ, ಒಣಗಿ, ಗಾಳಿಗೆ ಸದ್ದು ಮಾಡುತ್ತವೆ. ದನ ಕುರಿಗಳು ಇದಕ್ಕೆ ಅಷ್ಟಾಗಿ ಬಾಯಿಹಾಕುವುದಿಲ್ಲ. ಮೇವೆಲ್ಲ ಮುಗಿದು ನೆಲ ಬೋಳಾದ ಬೇಸಿಗೆಯಲ್ಲಿಯೂ ಹಸುರಾಗಿ ಉಳಿಯುವ ಇದರ ಭಾಗ್ಯಕ್ಕೆ ಅದೂ ಒಂದು ಕಾರಣ.

ವಿದ್ವಾಂಸರು ಈ ಗಿಡಕ್ಕೆ ಕೊಟ್ಟ ಹೆಸರುಗಳ ಚರಿತ್ರೆ ಸ್ವಲ್ಪ ಸುತ್ತುದಾರಿಯದು. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಕಂಪೆನಿಯ ವೈದ್ಯನಾಗಿ ಸಿಂಹಳದಲ್ಲಿದ್ದ ಪಾಲ್ ಹರ್ಮನ್ ಅಲ್ಲಿಯ ಗಿಡಗಳನ್ನು ಒಣಗಿಸಿ ಹಾಳೆಗಳ ನಡುವೆ ಇಟ್ಟು ಯೂರೋಪಿಗೆ ಒಯ್ದನು. ಆ ಸಂಗ್ರಹ ಕೈಯಿಂದ ಕೈಗೆ ದಾಟಿ ಸ್ವೀಡನ್ನಿನ ಲಿನ್ನೇಯಸನ ಮುಂದೆ ಬಂದಾಗ ಅವನು 1747ರಲ್ಲಿ ಸಿಂಹಳದ ಸಸ್ಯಗಳ ಮೇಲೆ ಒಂದು ಗ್ರಂಥವನ್ನೇ ಬರೆದನು. ಆರು ವರ್ಷಗಳ ಮೇಲೆ, 1753ರಲ್ಲಿ, ಜಗತ್ತಿನ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರನ್ನು ಕಟ್ಟಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅವನು ನಮ್ಮ ತಂಗಡಿಯನ್ನು ಕ್ಯಾಸಿಯ ಆರಿಕ್ಯುಲೇಟ ಎಂದು ಕರೆದನು; ಎರಡನೆಯ ಪದ ಆ ಹಸುರು ಕಿವಿಗಳನ್ನು ಕುರಿತದ್ದು. ಹೂವಿನ ಕೇಸರಗಳನ್ನು ಎಣಿಸಿ ಸಸ್ಯಗಳನ್ನು ವಿಂಗಡಿಸುತ್ತಿದ್ದ ಅವನ ಪದ್ಧತಿಯಂತೆ ಇದು ಹತ್ತು ಕೇಸರಗಳ ವರ್ಗಕ್ಕೆ ಸೇರಿತು. ಹತ್ತರಲ್ಲಿ ಮೂರು ಬಂಜೆ ಕೇಸರಗಳು, ಪರಾಗವನ್ನು ಕೊಡುವಂಥವಲ್ಲ. ಉಳಿದವುಗಳಲ್ಲಿಯೂ ಕೆಳಗಣವು ಮಾತ್ರ ಉದ್ದವಾಗಿ ಬೆಳೆದು, ತುದಿಯ ರಂಧ್ರದಿಂದ ಪುಡಿಯನ್ನು ಉದುರಿಸುತ್ತವೆ. ದೊಡ್ಡ ದುಂಬಿಯೊಂದು ಹೂವನ್ನು ತಬ್ಬಿ ಮೈಯನ್ನೇ ಗುಂಯ್ಯೆಂದು ಕಂಪಿಸಿದಾಗ ಆ ಪುಡಿ ಹೊರಬೀಳುವುದನ್ನು ಯಾರಾದರೂ ಬದುವಿನ ಮೇಲೆ ಕುಳಿತು ಕಾಣಬಹುದು. ಲಿನ್ನೇಯಸನ ಲೆಕ್ಕಕ್ಕೆ ಈ ಭೇದಗಳು ಬೇಕಾಗಿರಲಿಲ್ಲ; ಅವನಿಗೆ ಹತ್ತು ಎಂದರೆ ಹತ್ತು.

ಆದರೆ ಕ್ಯಾಸಿಯ ಎಂಬ ಜಾತಿ ಮೊದಲಿನಿಂದಲೂ ತುಂಬಿ ತುಳುಕುವ ಛತ್ರವಾಗಿತ್ತು. ನಮ್ಮ ಕಕ್ಕೆಯ ಮರ, ತಂಗಡಿಯ ಪೊದೆ, ಹೊಲದಲ್ಲಿ ಗೇಣುದ್ದ ಬೆಳೆಯುವ ಸಣ್ಣ ಕಳೆಗಳು ಇವೆಲ್ಲ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದುವು. ಇಂಗ್ಲೆಂಡಿನ ತೋಟಗಾರ ಮಿಲ್ಲರ್ 1754ರಲ್ಲಿಯೇ ಸೆನ್ನ ಎಂಬ ಜಾತಿಯನ್ನು ಬೇರೆಯಾಗಿ ಎಣಿಸಿದ್ದನು. ತೆಲುಗುನಾಡಿನ ಸಾಮಲಕೋಟೆಯಲ್ಲಿ ಬಹುಕಾಲವಿದ್ದು ಅನಂತರ ಕಲಕತ್ತೆಯ ಸಸ್ಯೋದ್ಯಾನದ ಆಡಳಿತವನ್ನು ವಹಿಸಿಕೊಂಡ ವಿಲಿಯಂ ರಾಕ್ಸ್‌ಬರ್ಗ್, ತಂಗಡಿಯನ್ನು ಒಣಹಾಳೆಯ ಮೇಲಲ್ಲದೆ ಅದು ಹುಟ್ಟಿದ ನೆಲದ ಮೇಲೆಯೇ ಕಂಡವನಾದುದರಿಂದಲೋ ಏನೋ, ಅದನ್ನು ಸೆನ್ನದೊಳಗೆ ಸೇರಿಸಿದನು; ಅವನು ತೀರಿಹೋದ ಹದಿನೇಳು ವರ್ಷಗಳ ಮೇಲೆ, 1832ರಲ್ಲಿ, ಶ್ರೀರಾಮಪುರದ ಮುದ್ರಣಾಲಯದಿಂದ ಹೊರಬಿದ್ದ ಗ್ರಂಥದಲ್ಲಿ ಆ ಹೆಸರು ಅಚ್ಚಾಯಿತು. ಆದರೆ 1871ರಲ್ಲಿ ಬೆಂತಂ ಎಂಬ ಮಹಾಪಂಡಿತನು ಇಡೀ ಕ್ಯಾಸಿಯವನ್ನು ಪರಿಶೋಧಿಸಿ ಎಲ್ಲವನ್ನೂ ಮತ್ತೆ ಒಂದೇ ಸೂರಿನಡಿಗೆ ತಂದುದರಿಂದ, ಬ್ರಿಟಿಷ್ ಇಂಡಿಯಾದ ಸಸ್ಯಗಳನ್ನು ಕುರಿತ ಹೂಕರನ ಏಳು ಸಂಪುಟಗಳಲ್ಲಿಯೂ, ಮೇಲೆ ಹೇಳಿದ ಕುಕ್ ಗ್ಯಾಂಬಲ್‌ರ ಗ್ರಂಥಗಳಲ್ಲಿಯೂ ತಂಗಡಿ ಹಳೆಯ ಹೆಸರಿನಿಂದಲೇ ಬಾಳಿತು. 1982ರಲ್ಲಿ ಇರ್ವಿನ್ ಮತ್ತು ಬಾರ್ನೆಬಿ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಆ ಛತ್ರವನ್ನು ಮೂರು ಮನೆಗಳಾಗಿ ಒಡೆದರು. ಮೂರು ಕೇಸರಗಳು ಎರಡೆರಡು ಬಾರಿ ಬಾಗಿ ಕೊಕ್ಕೆಯಂತಿರುವ, ಹೂದೊಟ್ಟಿನ ಮೇಲೆ ಕಿರಿಯ ಎಲೆಗಳೆರಡನ್ನು ಧರಿಸಿದ ಕಕ್ಕೆಯ ಬಳಗ ಕ್ಯಾಸಿಯವಾಗಿ ಉಳಿಯಿತು. ಕಾಯಿ ಸಿಡಿದು ಬೀಜವೆರಚುವ ಕಿರುಗಿಡಗಳು ಕೆಮಿಕ್ರಿಸ್ಟವಾದುವು. ತಂಗಡಿ ಸೆನ್ನದ ಪಾಲಿಗೆ ಬಂದಿತು. ರಾಕ್ಸ್‌ಬರ್ಗನ ಹೆಸರು ಸರಿಯಾಗಿ ನೂರೈವತ್ತು ವರ್ಷಗಳ ಮೇಲೆ ಮತ್ತೆ ಊರ್ಜಿತವಾಯಿತು. ಇನ್ನೊಂದು ಸ್ವಾರಸ್ಯವೆಂದರೆ, ದ್ವಿದಳ ಧಾನ್ಯಗಳ ಬಂಧುವಾಗಿದ್ದೂ ಸೆನ್ನದ ಗಿಡಗಳ ಬೇರಿನಲ್ಲಿ ತೊಗರಿ ಶೇಂಗಾಗಳಂತೆ ಸಾರಜನಕವನ್ನು ಹಿಡಿದಿಡುವ ಗಂಟುಗಳು ಕಟ್ಟುವುದಿಲ್ಲ, ಕೆಮಿಕ್ರಿಸ್ಟದಲ್ಲಿ ಕಟ್ಟುತ್ತವೆ. ಮನೆಯೊಡೆದದ್ದು ಕೇವಲ ಪಂಡಿತರ ಹಟವಲ್ಲವೆಂಬುದಕ್ಕೆ ಇದೂ ಸಾಕ್ಷಿ.

ನಮ್ಮ ನಿಘಂಟುಕಾರರ ದೃಷ್ಟಿ ಬೇರೆ. ರಾಜನಿಘಂಟು ಈ ಗಿಡವನ್ನು ಆವರ್ತಕಿಯೆಂದು ಕರೆದು ಅದಕ್ಕೆ ಪರ್ಯಾಯವಾಗಿ ಕೊಡುವ ನಾಮಗಳಲ್ಲಿ ರಂಗಲತಾ, ಚರ್ಮರಂಗಾ ಎಂಬವು ಸೇರಿವೆ. ಕೇಸರವನ್ನೆಣಿಸದ ವೈದ್ಯನು ಗಿಡವನ್ನು ಅದರ ಕೆಲಸದಿಂದ ಗುರುತಿಸಿದನು. ಮಧುಮೇಹಕ್ಕೆ ಹೂವೂ ಬೀಜವೂ, ಕಣ್ಣಿನ ಬೇನೆಗೆ ಬೀಜದ ಪುಡಿಯೂ ಮದ್ದೆಂದು ಎಣಿಸಿದ ಆ ಪರಂಪರೆಗೂ, ತಂಗಡಿಯ ಮುಖ್ಯ ಕಸುಬು ತೊಗಲಿನದೆಂಬುದು ತಿಳಿದಿತ್ತು.

ಸಗರನಾಡಿನಲ್ಲಿ ಆ ಕಸುಬಿಗೆ ಬೇಡಿಕೆ ಎಷ್ಟಿತ್ತೆಂಬುದನ್ನು ಊಹಿಸಲು ಸುರಪುರದ ಚರಿತ್ರೆಯನ್ನು ನೆನೆದರೆ ಸಾಕು. ಬೇಡರ ನಾಯಕರು ವಾಗಿನಗೇರಿಯ ಕೋಟೆಯನ್ನು ಹಿಡಿದು ನಿಂತಾಗ ಅವರನ್ನು ಮಣಿಸಲು ಮುಪ್ಪಿನ ಔರಂಗಜೇಬನೇ 1705ರಲ್ಲಿ ಸ್ವತಃ ಸೈನ್ಯದೊಡನೆ ಬರಬೇಕಾಯಿತು. ಅದು ಅವನ ಕಡೆಯ ದಂಡಯಾತ್ರೆ. ಕುದುರೆಯ ಜೀನು ಲಗಾಮುಗಳು, ಕತ್ತಿಯ ಒರೆ, ಮದ್ದಿನ ಚೀಲ, ನೀರಿನ ಸಿದ್ದಿಗೆ, ಕಾಲಿನ ಕೆರ ಇವೆಲ್ಲ ತೊಗಲಿನವೇ ಆಗಿದ್ದ ಕಾಲದಲ್ಲಿ, ಬಂದೂಕು ಕುದುರೆಗಳಿಂದ ಹೆಸರಾದ ಒಂದು ಸಂಸ್ಥಾನ ತನ್ನ ಮರಡಿಗಳ ತಂಗಡಿಯನ್ನು ನೆಚ್ಚದೆ ನಡೆಯುವಂತಿರಲಿಲ್ಲ. ಸೈನ್ಯಕ್ಕಿಂತಲೂ ದೊಡ್ಡ ಗಿರಾಕಿ ಒಕ್ಕಲಿಗ. ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ, ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲಿನ ಬಾರು, ವರ್ಷಕ್ಕೊಂದು ಜೊತೆ ಕೆರ: ಇವುಗಳಿಗಾಗಿ ಊರಿಗೂರೇ ಕೇರಿಯ ಕಡೆಗೆ ಕೈಚಾಚುತ್ತಿತ್ತು, ಸುಗ್ಗಿಯಲ್ಲಿ ಕಣದ ಮೇಲೆ ಅಳೆದುಕೊಟ್ಟ ಜೋಳವೇ ಅದರ ಬೆಲೆ.

1841ರಿಂದ 1853ರ ವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಬಹುಶ್ರುತನಾದ ಮನುಷ್ಯ. ಬೆಟ್ಟದ ಮೇಲೆ ಅವನ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ರಾಜನಕೋಳೂರಿನ ಶಿಲಾಸಮಾಧಿಗಳನ್ನು ಹುಡುಕಿ ಅಳೆದು ಪಂಡಿತಲೋಕಕ್ಕೆ ಪರಿಚಯಿಸಿದವನು ಅವನೇ. ಅವನ ಒಲವು ಕಲ್ಲಿನ ಕಡೆಗೆ, ಕಥೆಯ ಕಡೆಗೆ, ಕಂದಾಯದ ಕಡೆಗೆ ಹರಿಯಿತು. ಗಿಡದ ಕಡೆಗೆ ಹರಿದಿದ್ದರೆ ಈ ಸೀಮೆಗೆ ಕುಕ್ಕನಿಗಿಂತ ಅರ್ಧ ಶತಮಾನ ಮೊದಲೇ ಒಂದು ಸಸ್ಯಗ್ರಂಥ ದೊರೆಯುತ್ತಿತ್ತು ಎಂದು ನನಗೆ ಆಗಾಗ ಅನಿಸುತ್ತದೆ. ಅವನು ಬೆಳೆಸಿದ ಬಾಲರಾಜ ವೆಂಕಟಪ್ಪನಾಯಕನು 1858ರಲ್ಲಿ ಆಂಗ್ಲರ ಮೇಲೆ ಎದ್ದು ಸೆರೆಯಾಗಿ ಮಡಿದನು. 1860ರಲ್ಲಿ ಸಂಸ್ಥಾನ ನಿಜಾಮರ ಕೈಸೇರಿತು. ನಾಡು ಎರಡು ಸಸ್ಯಗ್ರಂಥಗಳ ನಡುವಣ ಹಾಳೆಯೊಳಗೆ ಹೋಯಿತು.

ತೊಗಲನ್ನು ಹದಗೊಳಿಸುವ ವಿದ್ಯೆಯನ್ನು ಹತ್ತಿರದಿಂದ ನೋಡಿ ಬರೆದಿಟ್ಟವರು ಕಡಮೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಬೆಂಗಳೂರಿನ ಮಾದಿಗರು ತಂಗಡಿಯ ತೊಗಟೆಯಿಂದ ತೊಗಲನ್ನು ಹದಮಾಡುವ ಕ್ರಮವನ್ನು ಕೇಳಿ ಬರೆದು, ಗಿಡದ ಲ್ಯಾಟಿನ್ ಹೆಸರನ್ನೂ ಪಕ್ಕದಲ್ಲಿ ನಮೂದಿಸಿದನು. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಉತ್ತರದ ನಾಡಿನಲ್ಲಿ ಈ ಕೆಲಸ ಮಾಡುತ್ತಿದ್ದವರು ಮಾದಿಗರು, ಸಮಗಾರರು, ಢೋರರು. ಹಸಿ ತೊಗಲನ್ನು ನೆನೆಸಿ, ಸುಣ್ಣದ ಕುಣಿಯಲ್ಲಿ ಕೆಲವು ದಿನ ಮುಳುಗಿಸಿಟ್ಟರೆ ಕೂದಲಿನ ಬೇರು ಸಡಿಲವಾಗುತ್ತದೆ. ಅದನ್ನು ದಿಮ್ಮಿಯ ಮೇಲೆ ಹಾಸಿ ಒಂದು ಮಗ್ಗುಲಿನಿಂದ ಕೂದಲನ್ನೂ ಇನ್ನೊಂದು ಮಗ್ಗುಲಿನಿಂದ ಮಾಂಸದ ಪೊರೆಯನ್ನೂ ಹೆರೆದು ತೆಗೆದು, ಸುಣ್ಣದ ಅಂಶ ಹೋಗುವ ತನಕ ತೊಳೆಯಬೇಕು. ಇತ್ತ ತಂಗಡಿಯ ಎರಡು ಮೂರು ವರ್ಷದ ಕೊಂಬೆಗಳನ್ನು ಕಡಿದು, ಬಡಿದು, ಸುಲಿದ ತೊಗಟೆ ಕುಟ್ಟಿ ಸಿದ್ಧವಾಗಿರುತ್ತದೆ. ಅದರ ರಸದಲ್ಲಿ ತೊಗಲನ್ನು ಮೊದಲು ಹೊರಳಾಡಿಸಿ, ಬಳಿಕ ಅಂಚುಗಳನ್ನು ನಾರಿನಿಂದ ಹೊಲಿದು ಚೀಲ ಮಾಡಿ, ಮೂರು ಗಳುಗಳ ಕವೆಗೆ ತೂಗುಹಾಕಿ, ಒಳಗೆ ತೊಗಟೆಯನ್ನೂ ನೀರನ್ನೂ ತುಂಬುತ್ತಾರೆ. ತೊಗಲಿನ ರಂಧ್ರರಂಧ್ರದಿಂದ ಜಿನುಗಿದ ಕೆಂಗಂದು ರಸ ಕೆಳಗಿನ ಬಾನಿಯಲ್ಲಿ ನಿಲ್ಲುತ್ತದೆ. ಅದನ್ನೇ ಮೊಗೆದು ಮತ್ತೆ ಮೇಲಿನಿಂದ ಹೊಯ್ಯಬೇಕು. ಕೆಲವು ದಿನಗಳ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಹೊಲಿದು, ಮೊದಲು ಬಾಯಿಯಾಗಿದ್ದ ಕಡೆಗೂ ರಸವೇರುವಂತೆ ನೋಡಿಕೊಳ್ಳಬೇಕು. ಹದ ಬಂತೋ ಇಲ್ಲವೋ ಎಂಬುದನ್ನು ಅಂಚಿನ ಒಂದು ಚೂರನ್ನು ರಂಪಿಗೆಯಿಂದ ಕೊಯ್ದು, ಕೊಯ್ದ ಬಾಯಿಯ ಬಣ್ಣವನ್ನು ನೋಡಿ ತಿಳಿಯುತ್ತಾರೆ: ನಡುವೆ ಬಿಳಿಯ ಗೆರೆ ಉಳಿದಿದ್ದರೆ ರಸ ಇನ್ನೂ ಒಳಗೆ ಇಳಿದಿಲ್ಲ.

ರಸಾಯನಶಾಸ್ತ್ರಜ್ಞರು ಅನಂತರ ಪರೀಕ್ಷಿಸಿ, ಒಣ ತೊಗಟೆಯಲ್ಲಿ ಹೆಚ್ಚುಕಡಮೆ ಶೇಕಡಾ 18ರಷ್ಟು ಟ್ಯಾನಿನ್ ಎಂಬ ಒಗರಿನ ಸತ್ತ್ವವಿದೆಯೆಂದು ಹೇಳಿದರು. ಅದು ತೊಗಲಿನ ತಂತುಗಳನ್ನು ಒಂದಕ್ಕೊಂದು ಬಿಗಿದು ಕೊಳೆಯದಂತೆ ಕಾಯುತ್ತದೆ. ತಂಗಡಿಯಿಂದ ಹದವಾದ ತೊಗಲು ತಿಳಿಬಣ್ಣದ್ದು, ಬಲವಾದದ್ದು. ಆದರೆ ಬಿಸಿಲು ಬೆಳಕು ತಾಗಿದರೆ ಕೆಂಪಾಗುವ ದೋಷವುಂಟು. ಆ ದೋಷಕ್ಕೆ ಮದ್ದು ಅಳಲೆಕಾಯಿ. ಕಡೆಯಲ್ಲಿ ಅಳಲೆಯ ರಸದಲ್ಲೊಮ್ಮೆ ಅದ್ದಿ ತೆಗೆದರೆ ಬಣ್ಣ ನಿಲ್ಲುತ್ತದೆ. ಶಾಸ್ತ್ರಜ್ಞರ ಕೊಳವೆಗಳು ಬರುವ ಮೊದಲೇ ಇದನ್ನು ಕಂಡುಕೊಂಡವನ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಸಸ್ಯದ ಹೆಸರಿನ ಮುಂದೆ ಲಿನ್ನೇಯಸನ ಮೊದಲಕ್ಷರವನ್ನೂ ರಾಕ್ಸ್‌ಬರ್ಗನ ಸಂಕ್ಷೇಪವನ್ನೂ ತಪ್ಪದೆ ಬರೆಯುವ ಪದ್ಧತಿ ಸಾಧುವಾದದ್ದೇ. ಕಂಡವನ ಋಣವನ್ನು ಹಾಗೆ ತೀರಿಸಬೇಕಾದದ್ದು ನ್ಯಾಯ. ಆದರೆ ಗಿಡದ ಜಾತಿ ಇನ್ನೂರೈವತ್ತು ವರ್ಷಗಳೊಳಗೆ ಮೂರು ಬಾರಿ ಬದಲಾಯಿತು. ಅದರ ತೊಗಟೆಯನ್ನು ಸುಲಿದವರ ಜಾತಿಯನ್ನು ಊರು ಒಂದು ಬಾರಿಯೂ ಬದಲಾಗಗೊಡಲಿಲ್ಲ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ ಎಂದು ಕಸುಬಿನ ಹೆಸರನ್ನೇ ಮುಂದಿಟ್ಟು ಶರಣರನ್ನು ಗೌರವಿಸಿದ ಹನ್ನೆರಡನೆಯ ಶತಮಾನದ ಕಲ್ಯಾಣ ಸಗರನಾಡಿಗೆ ದೂರವೇನಲ್ಲ. ಕೃಷ್ಣೆಯ ದಡದಲ್ಲಿ, ಈ ಗಿಡದ ಹೆಸರನ್ನೇ ಹೋಲುವ ತಂಗಡಗಿಯಲ್ಲಿ ನೀಲಾಂಬಿಕೆ ಐಕ್ಯಳಾದಳೆಂದು ಜನ ನಂಬುತ್ತಾರೆ. ಅಂಥ ನೆರೆಯಲ್ಲಿದ್ದೂ ಹದಗಾರನ ಕುಣಿ ಊರ ಹೊರಗೇ ಉಳಿಯಿತು.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಾದಿ ಯಾದಗಿರಿಯನ್ನು ದಾಟಿ ರಾಯಚೂರಿನಲ್ಲಿ ಮದರಾಸಿನ ಹಾದಿಯನ್ನು ಕೂಡಿದ ಮೇಲೆ, ಇಲ್ಲಿಯ ತೊಗಲು ತೊಗಟೆಗಳಿಗೆ ದೂರದ ಪೇಟೆಯ ಬಾಗಿಲು ತೆರೆಯಿತು. ಮದರಾಸು ಅಷ್ಟು ಹೊತ್ತಿಗೆ ತಂಗಡಿಯಿಂದ ಅರೆಹದ ಮಾಡಿದ ತೊಗಲನ್ನು ಲಂಡನ್ನಿಗೆ ಕಳುಹುವ ದೊಡ್ಡ ಕೇಂದ್ರ. ಆ ಸರಕಿಗೆ ಅಲ್ಲಿಯವರು ಇಟ್ಟ ಹೆಸರು ಈಸ್ಟ್ ಇಂಡಿಯಾ ಕಿಪ್ಸ್. ಮದರಾಸು ಪ್ರಾಂತದ ಮತ್ತು ಮೈಸೂರು, ಹೈದರಾಬಾದು ಸಂಸ್ಥಾನಗಳ ಬೀಳುನೆಲಗಳೇ ಅದರ ತೊಗಟೆಯ ಕಣಜ. ಯಾರೂ ಬಿತ್ತದ, ಯಾರೂ ನೀರೆರೆಯದ ಗಿಡವನ್ನು ಕಡಿದು ಕಟ್ಟಿ ಮಾರುವುದು ಬರಗಾಲದ ವರ್ಷಗಳಲ್ಲಿ ಬಡವನಿಗೆ ಒಂದು ಆಸರೆಯೂ ಆಗಿತ್ತು. ಬುಡಕ್ಕೆ ಕಡಿದರೂ ತಂಗಡಿ ಮತ್ತೆ ಚಿಗುರುತ್ತದೆ. ಆದರೆ ಬೇಡಿಕೆ ಏರಿದಂತೆ ತೊಗಟೆಯ ಬೆಲೆಯೂ ಏರಿತು. ಆಸ್ಟ್ರೇಲಿಯದ ಮೂಲದ್ದಾಗಿ ದಕ್ಷಿಣ ಆಫ್ರಿಕದಲ್ಲಿ ತೋಟತೋಟವಾಗಿ ಬೆಳೆಸಿದ ವಾಟಲ್ ಎಂಬ ಜಾಲಿಯ ತೊಗಟೆ ಹಡಗಿನಲ್ಲಿ ಬಂದು ಅಗ್ಗವಾಗಿ ಇಳಿಯತೊಡಗಿತು. ಅತ್ತ ಆಲ್‌ಫ್ರೆಡ್ ಚಾಟರ್‌ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮದರಾಸಿನಲ್ಲಿ ಕ್ರೋಮ್ ಲವಣದಿಂದ ತೊಗಲನ್ನು ಹದಮಾಡುವ ಪ್ರಯೋಗಗಳನ್ನು ನಡೆಸಿದ್ದನು. ತಿಂಗಳ ಕೆಲಸ ದಿನಗಳಿಗೆ ಇಳಿಯಿತು. ತಂಗಡಿಯ ವ್ಯಾಪಾರ ಯಾವ ಗದ್ದಲವೂ ಇಲ್ಲದೆ ಹಿಂದೆಗೆಯಿತು.

ಊರಿನೊಳಗೆ ಅದು ಹಿಂದೆಗೆದ ಕಾರಣಗಳು ಬೇರೆ. ಕಪಿಲೆಯ ಜಾಗಕ್ಕೆ ಎಣ್ಣೆಯ ಎಂಜಿನ್ನೂ ಬಳಿಕ ವಿದ್ಯುತ್ತಿನ ಪಂಪೂ ಬಂದು ಬಾನಿ ಬೇಡವಾಯಿತು. ಮಿಣಿಯ ಬದಲು ನೈಲಾನಿನ ಹಗ್ಗ, ಕೆರದ ಬದಲು ಪೇಟೆಯ ರಬ್ಬರು ಚಪ್ಪಲಿ. ಇವೆಲ್ಲಕ್ಕಿಂತ ಮಿಗಿಲಾಗಿ, 1927ರ ಮಹಾಡದ ಸಮ್ಮೇಳನದಲ್ಲಿ ಅಂಬೇಡ್ಕರರು ಸತ್ತ ದನವನ್ನು ಎಳೆಯುವ ಕೆಲಸವನ್ನು ಬಿಡಿರೆಂದು ಕೊಟ್ಟ ಕರೆ ತಡವಾಗಿಯಾದರೂ ಕೇರಿಕೇರಿಗೆ ಮುಟ್ಟಿತು. ಸುಣ್ಣದ ಕುಣಿಯಲ್ಲಿ ಕೈಯ ಚರ್ಮ ಸುಲಿದುಕೊಂಡು, ನಾತಕ್ಕೆ ಹೆದರಿ ಹತ್ತಿರ ಸುಳಿಯದ ಊರಿಗೆ ಕೆರ ಹೊಲಿದುಕೊಟ್ಟವರು ಆ ಕುಣಿಯನ್ನು ಮುಚ್ಚಿದರೆ, ಕರಕುಶಲತೆ ನಾಶವಾಯಿತೆಂದು ಮರುಗುವ ಅಧಿಕಾರ ಉಳಿದವರಿಗಿಲ್ಲವೆಂದೇ ನನ್ನ ಅಭಿಪ್ರಾಯ.

ವಿರಳವೆಂಬ ಮಾತು ತಂಗಡಿಗೆ ಮೊನ್ನೆಮೊನ್ನೆಯವರೆಗೂ ಸಲ್ಲುತ್ತಿರಲಿಲ್ಲ. ದೇಶದ ಲೆಕ್ಕದಲ್ಲಿ ಇಂದಿಗೂ ಸಲ್ಲದು. ಆದರೆ ಇರ್ವಿನ್ ಬಾರ್ನೆಬಿಯರು ಅದರ ಹೆಸರನ್ನು ಬದಲಿಸಿದ 1982ರಲ್ಲಿಯೇ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಪೂರ್ಣಗೊಂಡು, ಎಡದಂಡೆಯ ಕಾಲುವೆ ಸುರಪುರ ಶಹಾಪುರಗಳ ಹೊಲಗಳಿಗೆ ನೀರು ತಂದಿತು. ಜೋಳದ ನೆಲ ಭತ್ತದ ಗದ್ದೆಯಾಯಿತು. ನೀರು ಹರಿಯುವ ನೆಲದಲ್ಲಿ ಬೀಳೂ ಇಲ್ಲ, ಅಗಲವಾದ ಬದುವೂ ಇಲ್ಲ. ಕಾಲು ತೇವವನ್ನು ಒಲ್ಲದ ತಂಗಡಿಗೆ ಅಲ್ಲಿ ಠಾವೂ ಇಲ್ಲ. ಕಾಲುವೆ ಮುಟ್ಟದ ಮರಡಿಗಳಲ್ಲಿ, ಯಾದಗಿರಿಯ ಕೋಟೆಬೆಟ್ಟದ ಸುತ್ತಣ ಕಲ್ಲುನೆಲದಲ್ಲಿ ಅದಿನ್ನೂ ಗಟ್ಟಿಯಾಗಿದೆ. ಗುರುಮಠಕಲ್ಲಿನ ಆಚೆ ಗಡಿ ದಾಟಿದರೆ ಇದೇ ಹೂವು ಬತುಕಮ್ಮ ಹಬ್ಬದ ಹೂರಾಶಿಗೆ ಏರುತ್ತದೆ. 2014ರಲ್ಲಿ ಹುಟ್ಟಿದ ತೆಲಂಗಾಣ ಇದನ್ನು ತನ್ನ ರಾಜ್ಯಪುಷ್ಪವೆಂದು ಸಾರಿತು. ಈಚೆಗೆ ಒಣಹೂವಿನ ಚಹವೂ ಸಕ್ಕರೆಕಾಯಿಲೆಯವರಿಗೆಂದು ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದೆ. ಮೂಸಿದರೂ ಮುಟ್ಟಿದರೂ ಯಾರ ಮಡಿಯೂ ಕೆಡದ ಹೂವಿಗೆ ಬಂದ ಈ ಮನ್ನಣೆ ತೊಗಟೆಗೆ ಎಂದೂ ಬರಲಿಲ್ಲ.

ಬರೆಯದ ಹಾಳೆ ಕ್ರಮೇಣ ತುಂಬಿದೆ. 1930ರ ದಶಕದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಯೀದುದ್ದೀನರು ಹೈದರಾಬಾದು ಸಂಸ್ಥಾನದ ಹೂಗಿಡಗಳ ಮೇಲೆ ಲೇಖನಗಳನ್ನು ಬರೆದರು. 2000ದಲ್ಲಿ ಸೀತಾರಾಮ್, ಕೋಟ್ರೇಶ, ಉಪಳಾಂವಕರ ಎಂಬ ಮೂವರು ವಿದ್ವಾಂಸರು ಸಿದ್ಧಪಡಿಸಿದ ಗುಲ್ಬರ್ಗಾ ಜಿಲ್ಲೆಯ ಸಸ್ಯಗ್ರಂಥವನ್ನು ಅಲ್ಲಿಯ ವಿಶ್ವವಿದ್ಯಾಲಯ ಪ್ರಕಟಿಸಿತು. ಯಾದಗಿರಿ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈ ಜಿಲ್ಲೆಗೇ ಮೀಸಲಾದ ಸಸ್ಯಗ್ರಂಥವನ್ನು ಬರೆಯಲು ಯಾರಾದರೂ ಕುಳಿತಾಗ, ತಂಗಡಿಯ ಪುಟದಲ್ಲಿ ಕಿರುಎಲೆಗಳ ಜೊತೆ, ಕೇಸರಗಳ ಉದ್ದ, ಕಾಯಿಯ ಅಗಲ ಇವುಗಳ ಕೆಳಗೆ, ಚೀಲ ಹೊಲಿದು ಹದಮಾಡುವ ಕ್ರಮವನ್ನೂ, ಕೊಯ್ದ ಅಂಚಿನ ಬಿಳಿಗೆರೆಯಿಂದ ಹದವರಿಯುವ ರೀತಿಯನ್ನೂ, ಯಾವ ತಿಂಗಳ ತೊಗಟೆ ಚೊಕ್ಕಟವೆಂಬುದನ್ನೂ ಕೇರಿಯ ಹಿರಿಯರನ್ನು ಅವರವರ ಹೆಸರಿನಿಂದಲೇ ಉಲ್ಲೇಖಿಸಿ ಬರೆಯಲಿ. ಬುಕಾನನ್ನನು ಕೇಳಿ ತಿಳಿದವರ ಹೆಸರನ್ನು ಬರೆದಿಡಲಿಲ್ಲ. ರಂಪಿಗೆ ಹಿಡಿದ ಕೈಗಳು ಈ ಸೀಮೆಯಲ್ಲಿ ಇನ್ನು ಕೆಲವೇ ಉಳಿದಿರುವುದರಿಂದ ಆ ಕೆಲಸಕ್ಕೆ ಬಹಳ ವರ್ಷಗಳ ಅವಧಿಯಿಲ್ಲ.